ನೆಲಮಹಡಿ ಖಾಲಿ

ನಗರಸಭೆಯವರು ಬೀದಿಯ ತಿರುವಿನಲ್ಲಿದ್ದ ಎರಡು ಮರಗಳನ್ನು ಕಡಿಸಿ, ಆ ಜಾಗದಲ್ಲಿ ಪ್ಲಾಸ್ಟಿಕ್ಕಿನ ದೀಪದ ಮರಗಳನ್ನು ನಿಲ್ಲಿಸಿದ ವಾರವೇ ಮನೆಗಂದಾಯದ ಹೊಸ ನೋಟೀಸೂ ಬಂತು. ಸಂಜೆಯಾಗುತ್ತಲೇ ಆ ಮರಗಳು ಹೊತ್ತಿಕೊಳ್ಳುತ್ತಿದ್ದವು. ಒಂದು ಗುಲಾಬಿ, ಇನ್ನೊಂದು ಹಸಿರು. ಅಷ್ಟರಲ್ಲಿ ಅದರ ಬಣ್ಣ ಇದಕ್ಕೆ, ಇದರ ಬಣ್ಣ ಅದಕ್ಕೆ. ಬುಡದಲ್ಲಿ ಒಳಚರಂಡಿಯ ಗುಂಡಿ ತಿಂಗಳುಗಟ್ಟಲೆಯಿಂದ ಕಟ್ಟಿಕೊಂಡು ಉಕ್ಕುತ್ತಿತ್ತು. ಆ ಕಪ್ಪು ನೀರಿನ ಮೇಲೂ ಬೆಳಕು ಬಿದ್ದು, ಹೊಲಸು ಕೂಡ ಸಿಂಗಾರ ಮಾಡಿಕೊಂಡು ನಿಂತ ಹಾಗೆ ಕಾಣುತ್ತಿತ್ತು.

ತಿರುವಿನ ಮನೆಯ ನೆಲಮಹಡಿಯಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡಿದ್ದ ಡಾಕ್ಟರಮ್ಮನಿಗೆ ಈ ಮರಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಮುರಿದ ಹಲ್ಲಿಗೆ ಹೊಸದನ್ನು ಕೂರಿಸಬೇಕಾದರೆ ಪಕ್ಕದ ಹಲ್ಲಿನ ಛಾಯೆಗೆ ಹೊಂದಿಸಿ ಆರಿಸಬೇಕು. ಈಗ ಸಂಜೆ ಬಂದ ರೋಗಿ ಬಾಯಿ ತೆರೆದರೆ ಒಳಗೆ ಒಮ್ಮೆ ಗುಲಾಬಿ ಹಲ್ಲು, ಒಮ್ಮೆ ಹಸಿರು ಹಲ್ಲು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಗಬ್ಬು ನಾತ. ರೋಗಿಗಳು ಚರಂಡಿ ನೀರಿನಲ್ಲಿ ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಟ್ಟುಕೊಂಡು, ಸೀರೆಯನ್ನೋ ಪ್ಯಾಂಟನ್ನೋ ಎತ್ತಿ ಹಿಡಿದುಕೊಂಡು ಬಂದು, ಮೂಗು ಮುಚ್ಚಿಕೊಂಡು ಬಾಯಿ ತೆರೆಯುತ್ತಿದ್ದರು.

ನೋಟೀಸಿನಲ್ಲಿ, ಕೆಳಗೆ ಕಸುಬು ನಡೆಯುವ ಕಾರಣ ಇಡೀ ಮನೆಯನ್ನೇ ವಾಣಿಜ್ಯ ಕಟ್ಟಡವೆಂದು ಪರಿಗಣಿಸಿರುವುದಾಗಿ ಬರೆದಿತ್ತು. ಕಂದಾಯ ಹೋದ ವರ್ಷದ ಎರಡರಷ್ಟಕ್ಕೂ ಮಿಗಿಲಾಗಿತ್ತು.

ಮನೆ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಯಾರ್ಯಾರ ಮಾತನ್ನೋ ಯಾರ್ಯಾರಿಗೋ ಜೋಡಿಸಿಕೊಟ್ಟ ಸಂಬಳದಲ್ಲಿ ಆಕೆ ಕಟ್ಟಿಸಿದ ಮನೆ ಅದು. ಮಗ ತೀರಿಹೋದ ಮೇಲೆ ಮೇಲಿನ ಮಹಡಿಯಲ್ಲಿ ಅತ್ತೆ ಸೊಸೆ ಇಬ್ಬರೇ. ನೋಟೀಸು ಓದಿ ಹೇಳಿದಾಗ ಅತ್ತೆ ತರಕಾರಿ ಹೆಚ್ಚುವ ಕೈ ನಿಲ್ಲಿಸಲೇ ಇಲ್ಲ.

"ನನ್ನ ಮನೇಲಿ ನಾನಿರೋದಕ್ಕೆ ಇವರಿಗೆ ಬಾಡಿಗೆ ಕೊಡ್ಬೇಕಾ? ಆ ಪ್ಲಾಸ್ಟಿಕ್ ಗಿಡಕ್ಕೆ ನೀರು ಹಾಕೋಕೆ ದುಡ್ಡು ಸಾಲದಾಯ್ತೇನು?"

ಬೀದಿಯವರೆಲ್ಲರ ಕತೆಯೂ ಹೆಚ್ಚುಕಮ್ಮಿ ಇದೇ. ಭಾನುವಾರ ಎಲ್ಲರೂ ಡಾಕ್ಟರಮ್ಮನ ಆಸ್ಪತ್ರೆಯ ಬೆಂಚುಗಳ ಮೇಲೆ ಸೇರಿದರು. ಮುಂದಾಳು ಎದುರು ಮನೆಯ ಬಣ್ಣದಂಗಡಿಯವರು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಹಳದಿಯೋ ನೀಲಿಯೋ ಉಳಿದುಕೊಂಡಿರುವ, ದೊಡ್ಡ ಗಂಟಲಿನ ಮನುಷ್ಯ. ಅವರ ಪಕ್ಕದಲ್ಲಿ, ತಾರಸಿಯ ಮೇಲೆ ಸಾಲಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರಿಂದ ಬಾಡಿಗೆಯಕ್ಕ ಎಂದೇ ಹೆಸರಾದ ಹೆಂಗಸು.

"ಒಬ್ಬರೂ ಒಂದು ಕಾಸು ಕಟ್ಟಬಾರದು," ಎಂದು ಬಣ್ಣದಂಗಡಿಯವರು ತೊಡೆ ತಟ್ಟಿದರು. "ಮೊದಲು ಖರ್ಚಿನ ಲೆಕ್ಕ ಕೊಡ್ಲಿ. ಗುಂಡಿ ತೆಗೆಸ್ಲಿ. ಆಮೇಲೆ ಕಂದಾಯದ ಮಾತು. ಯಾರಾದ್ರೂ ನಡುವೆ ಜಾರಿಕೊಂಡ್ರೆ ಅವರ ಮುಖ ನೋಡೋದಿಲ್ಲ ನಾನು."

ಅಹವಾಲು ಸಭೆಯಲ್ಲಿ ಬೀದಿಯ ಪರವಾಗಿ ಯಾರು ಮಾತಾಡುವುದೆಂಬ ಪ್ರಶ್ನೆ ಬಂದಾಗ ಎಲ್ಲರ ಬೆರಳೂ ಡಾಕ್ಟರಮ್ಮನ ಕಡೆಗೇ ತಿರುಗಿತು. ಅವರು ಒಪ್ಪಿಕೊಂಡರು.

ನಗರಸಭೆಯ ಹೊಸ ಸಭಾಂಗಣದಲ್ಲಿ ನೆಲಗಂಬಳಿಯ ಹೊಸ ವಾಸನೆ ಇನ್ನೂ ಆರಿರಲಿಲ್ಲ. ಸದಸ್ಯರು ಕೂತ ತೊಗಲಿನ ಕುರ್ಚಿಗಳು ಬೇಕೆಂದ ಕಡೆಗೆ ತಿರುಗುತ್ತಿದ್ದವು, ಬೇಕೆಂದಷ್ಟು ಹಿಂದಕ್ಕೆ ವಾಲುತ್ತಿದ್ದವು. ಗೋಡೆಯ ಮೇಲೆ ಅವರ ಅಧ್ಯಯನ ಪ್ರವಾಸದ ಚಿತ್ರ. ಬೇರೆ ಊರುಗಳಲ್ಲಿ ಕಸ ಹೇಗೆ ಎತ್ತುತ್ತಾರೆಂದು ನೋಡಿ ಬರಲು ಹೋದವರು ಕಪ್ಪು ಕನ್ನಡಕ ಹಾಕಿಕೊಂಡು ಸಮುದ್ರದ ಮುಂದೆ ನಿಂತು ಹಲ್ಲು ಕಿರಿದಿದ್ದರು. ಕಸ ಎಲ್ಲೂ ಕಾಣಲಿಲ್ಲ.

ತಮ್ಮ ಸರದಿ ಬಂದಾಗ ಡಾಕ್ಟರಮ್ಮ ಎದ್ದು ನಿಂತರು. "ಗುಂಡಿ ಕಟ್ಟಿಕೊಂಡಿದೆ ಅಂತ ಅರ್ಜಿ ಕೊಟ್ರೆ ದುಡ್ಡಿಲ್ಲ ಅಂತೀರಿ. ಕಂದಾಯ ಯಾಕೆ ಏರಿಸಿದ್ರಿ ಅಂದ್ರೂ ದುಡ್ಡಿಲ್ಲ ಅಂತೀರಿ. ಮತ್ತೆ ಈ ಕುರ್ಚಿಗೆ, ಆ ಮರಕ್ಕೆ, ಈ ಪ್ರವಾಸಕ್ಕೆ ಎಲ್ಲಿಂದ ಬಂತು?"

ಅಧ್ಯಕ್ಷರು ನಕ್ಕರು. "ಅದು ಬೇರೆ ಬಾಬ್ತು, ಇದು ಬೇರೆ ಬಾಬ್ತು. ನಿಮಗೆ ಅರ್ಥ ಆಗೋದು ಸ್ವಲ್ಪ ಕಷ್ಟ. ಮರದ ವಿಷಯ ಎತ್ತಿದ್ರಲ್ಲ, ಅದರ ವಿಶೇಷ ನೋಡಿ. ಎಲೆ ಉದುರೋದಿಲ್ಲ. ಗುಡಿಸೋ ಖರ್ಚೇ ಉಳೀತು!"

ಸದಸ್ಯರು ಚಪ್ಪಾಳೆ ತಟ್ಟಿದರು. ಆ ಬೀದಿಯಿಂದಲೇ ಗೆದ್ದು ಬಂದ ಸದಸ್ಯನೂ ತಟ್ಟಿದ, ಆದರೆ ಒಂದೇ ಕೈಯಿಂದ, ಮೇಜಿನ ಮೇಲೆ. ಇನ್ನೊಂದು ಕೈ ಕೆನ್ನೆಯ ಮೇಲಿತ್ತು. ಯಾರು ಏನು ಕೇಳಿದರೂ "ಆಯ್ತು, ಆಯ್ತಣ್ಣ" ಎಂದು ಕಳುಹಿಸುತ್ತಿದ್ದ ಅವನಿಗೆ ಬೀದಿಯವರು ಆಯ್ತಣ್ಣ ಎಂದೇ ಹೆಸರಿಟ್ಟಿದ್ದರು. ಸಭೆ ಮುಗಿದು ಹೊರಬಂದಾಗ ಡಾಕ್ಟರಮ್ಮನಿಗೆ ಬಾಯೆಲ್ಲ ಕಹಿ ಕಹಿ. ಬಣ್ಣದಂಗಡಿಯವರು ಮಾತ್ರ, "ಬೆವರಿಳಿಸಿಬಿಟ್ರಿ ಅವರಿಗೆ!" ಎಂದು ಕೊಂಡಾಡಿದರು. ಅಷ್ಟು ತಣ್ಣಗಿನ ಕೋಣೆಯಲ್ಲಿ ಬೆವರಿದವರು ಯಾರೆಂದು ಡಾಕ್ಟರಮ್ಮನಿಗೆ ತಿಳಿಯಲಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ರೋಗಿಗಳಿಲ್ಲದ ಹೊತ್ತು ನೋಡಿ, ಆಯ್ತಣ್ಣ ಹಿತ್ತಲ ಬಾಗಿಲಿನಿಂದ ಬಂದ. ಬಾಗಿಲು ತೆಗೆದದ್ದು ಅತ್ತೆ. ಅವನ ಎಡಗೆನ್ನೆ ಕಣ್ಣಿನವರೆಗೂ ಬಾತುಕೊಂಡಿತ್ತು. ಮೈಗೆಲ್ಲ ಸೆಂಟು ಬಳಿದುಕೊಂಡಿದ್ದ. ಕುರ್ಚಿಯ ಮೇಲೆ ಮಲಗಿಸಿ ಬಾಯಿ ತೆಗೆಸಿದರೆ, ದವಡೆಯಲ್ಲಿ ಕೀವು ತುಂಬಿದ ಗಂಟು.

ಡಾಕ್ಟರಮ್ಮ ಸೂಜಿಮದ್ದು ಕೊಟ್ಟರು. ಅದು ಹತ್ತುವವರೆಗೆ ಹೇಳಬೇಕಾದ್ದನ್ನೆಲ್ಲ ಹೇಳಿದರು: ಗುಂಡಿ, ಇಟ್ಟಿಗೆ, ಗುಲಾಬಿ ಹಲ್ಲು, ಕಂದಾಯ. ಆಯ್ತಣ್ಣ ಬಾಯಿ ಮುಚ್ಚುವ ಹಾಗಿರಲಿಲ್ಲವಾದ್ದರಿಂದ, "ಆ... ಆ..." ಎಂದಷ್ಟೇ ಅನ್ನುತ್ತಿದ್ದ. ಗಂಟನ್ನು ಕೊಯ್ದಾಗ ಕೋಣೆಯೆಲ್ಲ ನಾರಿತು. ಬಾಯಿಯ ಯಾವ ಹೊಲಸಿಗೂ ಡಾಕ್ಟರಮ್ಮ ಎಂದೂ ಮುಖ ಕಿವುಚಿದವರಲ್ಲ. ಕೀವು ಕೀವಿನ ಹಾಗೇ ನಾರುತ್ತದೆ, ಅದು ಯಾರಿಗೂ ಮೋಸ ಮಾಡುವುದಿಲ್ಲ. ಅವರು ಮುಖ ತಿರುಗಿಸಿದ್ದು ಅದರ ಜೊತೆಗೆ ಬೆರೆತುಬಂದ ಸೆಂಟಿನ ವಾಸನೆಗೆ.

ಬಾಯಿ ಮುಕ್ಕಳಿಸಿ ಉಗುಳಿ ಆಯ್ತಣ್ಣ ಎದ್ದು ಕೂತ. "ಡಾಕ್ಟರಮ್ಮ, ಕೈ ಅಂದ್ರೆ ನಿಮ್ಮದು! ಕಂದಾಯದ ವಿಷಯ ತಲೆ ಕೆಡಿಸ್ಕೋಬೇಡಿ. ನಿಮ್ಮದು ನಾನು ನೋಡ್ಕೋತೀನಿ."

"ನನ್ನೊಬ್ಬಳದು ನೋಡೋದು ಬೇಡ. ಬೀದಿದು ನೋಡಿ. ಮೊದಲು ಗುಂಡಿ ನೋಡಿ. ಈ ಹಲ್ಲಿನ ಬೇರು ಶುದ್ಧ ಮಾಡ್ಬೇಕು, ಇನ್ನೊಂದು ಸಲ ಬರ್ಬೇಕಾಗುತ್ತೆ."

"ಆಯ್ತು, ಆಯ್ತು."

ಡಾಕ್ಟರಮ್ಮ ಕೈ ತೊಳೆಯಲು ಹೋದರು. ಹಿತ್ತಲಲ್ಲಿ ಅವನೂ ಅತ್ತೆಯೂ ಏನೋ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಊಟತಿಂಡಿಯ ಪಥ್ಯ ಕೇಳುತ್ತಿರಬೇಕೆಂದುಕೊಂಡರು.

ಮುಂದಿನ ತಿಂಗಳು ಕಚೇರಿಯ ಜವಾನ ಹೊಸ ಬಿಲ್ಲು ತಂದು ಕೈಗೇ ಕೊಟ್ಟು, ಹಲ್ಲು ಗಿಂಜಿ ನಿಂತ. ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮಲಗಿದ್ದ. ಡಾಕ್ಟರಮ್ಮ ಅವನ ಪಕ್ಕದಲ್ಲೇ ನಿಂತು ಓದಿದರು. ಕಂದಾಯ ಹೋದ ವರ್ಷಕ್ಕಿಂತಲೂ ಕಡಿಮೆಯಾಗಿತ್ತು. ಕೆಳಗೆ ಮಾಲೀಕರ ಸಹಿಯುಳ್ಳ ಹೇಳಿಕೆಯ ಪ್ರಕಾರ ವಿವರ: ಮೇಲ್ಮಹಡಿ, ಮಾಲೀಕರ ವಾಸ. ನೆಲಮಹಡಿ, ಖಾಲಿ.

ಸಂಜೆ ಮೇಲೆ ಹೋಗಿ ಆ ಕಾಗದವನ್ನು ಅತ್ತೆಯ ಮುಂದಿಟ್ಟರು.

"ಏನಿದು ಅತ್ತೆ?"

"ಕಮ್ಮಿ ಆಗಿದೆಯಲ್ಲ? ಒಳ್ಳೇದೇ ಆಯ್ತು."

"ಸಹಿ ನೀವು ಹಾಕಿದ್ದಾ?"

"ಮನೆ ನಂದು, ಸಹಿ ನಂದು. ನೀನು ಕೈ ತೊಳೀತಿದ್ದೆ. ಅವನು ಜೇಬಿಂದ ಕಾಗದ ತೆಗೆದ, ಹಾಕಿಕೊಟ್ಟೆ. ಬಂದ ಲಕ್ಷ್ಮೀನ ಒದೆಯೋಕೆ ನನಗೇನು ಹುಚ್ಚೇ?"

ಡಾಕ್ಟರಮ್ಮ ಹಾಗೇ ಕೂತುಬಿಟ್ಟರು. ನೋವಿನಿಂದ ನರಳುತ್ತ ಬಂದವನ ಜೇಬಿನಲ್ಲಿ ಕಾಗದ ಮೊದಲೇ ಸಿದ್ಧವಾಗಿತ್ತು! ತಾನು ಅವನ ಬಾಯೊಳಗೆ ಬಗ್ಗಿ ಬೀದಿಯ ಕಷ್ಟ ತೋಡಿಕೊಳ್ಳುತ್ತಿದ್ದಾಗ ಅದು ಅಲ್ಲೇ, ಎದೆಯ ಮೇಲೆ, ಮಡಿಸಿಕೊಂಡು ಕೂತಿತ್ತು.

"ಏನು ಬರೆದಿದ್ದಾನೆ ಅಂತ ಓದಿದ್ರಾ?"

"ಕನ್ನಡಕ ಇಲ್ಲಿ ಮೇಲಿತ್ತು."

"ಕೆಳಗಡೆ ಏನೂ ಇಲ್ಲ ಅಂತ ಬರೆದಿದ್ದಾನೆ. ನಾನು ಬೆಳಗಿಂದ ಸಂಜೆವರೆಗೂ ಅಲ್ಲಿ ಏನು ಮಾಡ್ತೀನಿ ಹಾಗಾದ್ರೆ?"

ಅತ್ತೆ ಎದ್ದು ಒಲೆಯ ಮೇಲಿನ ಪಾತ್ರೆ ಇಳಿಸಲು ಹೋದರು.

ಬೇರೆಯವರ ಬಾಯಿಂದ ಬೀದಿಗೆ ತಿಳಿಯುವ ಮುಂಚೆ ತಾನೇ ಹೇಳಿಬಿಡಬೇಕೆಂದು ಡಾಕ್ಟರಮ್ಮ ನಿಶ್ಚಯಿಸಿದರು. ಭಾನುವಾರ ಎಲ್ಲರೂ ಸೇರಿದಾಗ ಬಿಲ್ಲನ್ನು ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅತ್ತೆಯನ್ನು ಬಿಟ್ಟುಕೊಡದೆ, "ನಮ್ಮ ಮನೆಯಿಂದ ತಪ್ಪಾಗಿದೆ. ಸರಿ ಮಾಡಿಸ್ತೀನಿ," ಎಂದರು. ಹೇಳಿ, ಬೈಗುಳಕ್ಕೆ ತಲೆ ಬಗ್ಗಿಸಿ ನಿಂತರು.

ಯಾರೂ ಬೈಯಲಿಲ್ಲ. ಬಿಲ್ಲು ಕೈಯಿಂದ ಕೈಗೆ ಹೋಯಿತು. ಬಣ್ಣದಂಗಡಿಯವರು ಅದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ಓದಿದರು. ನೀಲಿ ಉಗುರು 'ಖಾಲಿ' ಎಂಬಲ್ಲಿ ಬಂದು ನಿಂತಿತು.

"ಅರೆ, ಇಷ್ಟು ಸುಲಭಾನಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಡಾಕ್ಟರಮ್ಮ, ಅವನು ಹಲ್ಲಿಗೆ ಮತ್ತೆ ಯಾವತ್ತು ಬರ್ತಾನೆ?"

ಬಾಡಿಗೆಯಕ್ಕ ಡಾಕ್ಟರಮ್ಮನ ತೋಳು ಹಿಡಿದುಕೊಂಡಳು. "ನನಗೂ ಒಂದು ಮಾತು ಹೇಳಿ ಪುಣ್ಯ ಕಟ್ಕೊಳ್ಳಿ. ತಾರಸಿ ಕೋಣೆಗಳಿಗೂ ಖಾಲಿ ಅಂತಲೇ ಬರೆಸಿಕೊಡ್ಲಿ. ಬಾಡಿಗೆಯವರೆಲ್ಲ ಹಗಲು ಹೊತ್ತು ಹೊರಗೇ ಇರ್ತಾರೆ ನೋಡಿ, ಸುಳ್ಳೇನೂ ಆಗೋದಿಲ್ಲ."

ಡಾಕ್ಟರಮ್ಮ ತೋಳು ಕಿತ್ತುಕೊಂಡು ಒಳಗೆ ಹೋಗಿ, ಏನೂ ಮುಟ್ಟಿರದಿದ್ದರೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರು.

ಆಯ್ತಣ್ಣನ ಹಲ್ಲಿನ ಎರಡನೆಯ ದಿನವನ್ನು ಬೀದಿಗೆ ಯಾರು ಹೇಳಿದರೋ. ಆ ದಿನ ಬೆಂಚುಗಳ ಮೇಲೆ ಕೂರಲು ಜಾಗವಿರಲಿಲ್ಲ. ಒಬ್ಬರಿಗೂ ಹಲ್ಲುನೋವಿರಲಿಲ್ಲ. ಎಲ್ಲರ ಕಂಕುಳಲ್ಲೂ ಮನೆ ಕಾಗದ. ಒಳಗೆ ಡಾಕ್ಟರಮ್ಮ ಬೇರಿನ ಕೊಳೆಯನ್ನು ಎಳೆ ಎಳೆಯಾಗಿ ಹೊರಗೆಳೆದರು. ಅರ್ಧಕ್ಕೆ ಬಿಟ್ಟರೆ ಹಲ್ಲು ಮತ್ತೆ ಕೊಳೆಯುತ್ತದೆ. ಅದು ಯಾರ ಹಲ್ಲಾದರೇನು ಎಂದು ತಮಗೆ ತಾವೇ ಹೇಳಿಕೊಂಡು ಕೆಲಸ ಮುಗಿಸಿದರು.

ಮುಖದ ಅರ್ಧ ಜೋಮು ಹಿಡಿದ ಆಯ್ತಣ್ಣ ಹೊರಗೆ ಬಂದದ್ದೇ ತಡ, ಎಲ್ಲರೂ ಮುಗಿಬಿದ್ದರು. ಅವನು ಬೆಂಚಿನ ಮೇಲೆ ಕೂತು ತೊಡೆಯ ಮೇಲೇ ಕಾಗದ ಇಟ್ಟುಕೊಂಡು ಒಬ್ಬೊಬ್ಬರ 'ಖಾಲಿ' ಹೇಳಿಕೆಗೂ ಶಿಫಾರಸಿನ ಸಹಿ ಹಾಕತೊಡಗಿದ. ಸೊಟ್ಟ ಬಾಯಿಂದ "ಆಯ್ಚು... ಆಯ್ಚು..." ಎನ್ನುವಾಗಲೆಲ್ಲ ಜೊಲ್ಲು ಗಲ್ಲದಿಂದಿಳಿದು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ಬಣ್ಣದಂಗಡಿಯವರು ತಮ್ಮ ಕರವಸ್ತ್ರ ತೆಗೆದು, ಮಗುವಿನ ಬಾಯಿ ಒರೆಸುವ ಹಾಗೆ, ಅವನ ಗಲ್ಲ ಒರೆಸಿದರು. ಒಂದು ಕಾಸು ಕಟ್ಟಬಾರದೆಂದು ತೊಡೆ ತಟ್ಟಿದ್ದ ಕೈಯೇ ಅದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನವೇ ಅವರು ಕಂದಾಯದ ಕಚೇರಿಗೆ ಹೋದರು. ಗುಮಾಸ್ತೆಯೊಬ್ಬಳು ಅರ್ಜಿ ಓದಿ, ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಏರಿಸಿ ಅಂತ ಬರೆದಿದ್ದೀರಾ? ಇಳಿಸಿ ಅಂತಲಾ?"

"ಸರಿಯಾಗಿ ಎಷ್ಟು ಬರುತ್ತೋ ಅಷ್ಟು ಹಾಕಿ. ಆಸ್ಪತ್ರೆಗೆ ಆಸ್ಪತ್ರೆಯ ದರ, ಮನೆಗೆ ಮನೆಯ ದರ. ಇಲ್ಲದ್ದು ಬೇಡ, ಇರೋದನ್ನ ಇಲ್ಲ ಅನ್ನೋದೂ ಬೇಡ."

"ಮನೇಲಿ ಆಸ್ತಿ ಜಗಳಾನಾ?"

"ಜಗಳ ಇಲ್ಲ."

"ಮತ್ತೆ ನಿಮಗೇನು ಬಂದಿದೆ ಇದು? ಅದೂ ಅಲ್ಲದೆ ಮನೆ ನಿಮ್ಮ ಹೆಸರಲ್ಲಿಲ್ಲ. ಮಾಲೀಕರ ಸಹಿ ಬೇಕು. ತನಿಖೆ ಆಗ್ಬೇಕು. ಕಳಿಸ್ತೀವಿ, ಹೋಗಿ."

ತನಿಖೆಯವನು ಒಂದು ವಾರ ಬಿಟ್ಟು ಬಂದ. ಅತ್ತೆ ಆ ಹೊತ್ತಿಗೆ ಕೆಳಗೇ ಇದ್ದರು. ಕರೆಂಟು ಹೋಗಿದ್ದರಿಂದ ಗಾಳಿಗೆಂದು ಬೆಂಚಿನ ಮೇಲೆ ಬಂದು ಕೂತಿದ್ದರು. ಆಸ್ಪತ್ರೆಯ ಒಳಗೆಲ್ಲ ಕಣ್ಣಾಡಿಸಿ ಅವನು ಡಾಕ್ಟರಮ್ಮನನ್ನು ಒಂದು ಮೂಲೆಗೆ ಕರೆದ.

"ಏರಿಸೋಣ ಮೇಡಂ, ಅದಕ್ಕೇನು. ನಮ್ಮದೂ ಸ್ವಲ್ಪ ನೋಡ್ಕೊಳ್ಳಿ."

"ಹೆಚ್ಚಿಗೆ ಕಂದಾಯ ಕಟ್ಟೋದಕ್ಕೂ ಲಂಚ ಕೊಡ್ಬೇಕಾ?"

"ಹಾಗನ್ಬೇಡಿ. ಇಳಿಸೋಕೂ ಓಡಾಡ್ಬೇಕು, ಏರಿಸೋಕೂ ಓಡಾಡ್ಬೇಕು. ಕೆಲಸ ಕೆಲಸಾನೇ ಅಲ್ವಾ?"

"ಒಂದು ಕಾಸೂ ಕೊಡೋದಿಲ್ಲ. ಕಂಡದ್ದನ್ನ ಬರ್ಕೊಳ್ಳಿ."

ಅವನ ಮುಖ ಗಂಟಿಕ್ಕಿತು. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ. "ನನಗೇನೂ ಕಾಣಿಸ್ತಿಲ್ಲ ಬಿಡಿ. ಖಾಲಿ ಅಂತಿದೆ, ಖಾಲೀನೇ ಇದೆ. ಇಲ್ಲಿ ಯಾರೂ ಇಲ್ಲ," ಎಂದು ಅತ್ತೆಯ ಕಡೆ ತಿರುಗಿ, ಹಾಸ್ಯಕ್ಕೆ ಜೊತೆ ಬೇಕೆಂಬಂತೆ, "ಅಲ್ವೇನಮ್ಮ?" ಎಂದು ನಕ್ಕ.

ಬಿಳಿ ಕೋಟು ಹಾಕಿಕೊಂಡು, ಮುಖಗವಸು ಗಲ್ಲಕ್ಕೆ ಇಳಿಸಿಕೊಂಡು ಸೊಸೆ ಅವನ ಎದುರಿಗೇ ನಿಂತಿದ್ದಳು. ಅತ್ತೆ ಮಂಡಿ ಹಿಡಿದುಕೊಂಡು ಎದ್ದರು.

"ಇವಳು ಕಾಣಿಸೋದಿಲ್ವಾ ನಿನಗೆ?" ಎಂದರು. ಎಕ್ಸ್‌ಚೇಂಜಿನ ಗಲಾಟೆಯಲ್ಲಿ ಪಳಗಿದ ದನಿ ಬೀದಿಯ ಆಚೆಗೂ ಕೇಳಿಸಿತು. "ನನ್ನ ಮಗ ಹೋದ ಮೇಲೆ ಇಷ್ಟು ವರ್ಷ ಇದೇ ಜಾಗದಲ್ಲಿ ನಿಂತು ದುಡಿದು ನನ್ನನ್ನ ಸಾಕಿದ್ದಾಳೆ. ಯಾರೂ ಇಲ್ವಾ? ಇನ್ನೊಂದು ಸಲ ಅನ್ನು, ನೋಡೋಣ. ನಡಿ ಹೊರಗೆ!"

ಅವನು ಇಟ್ಟಿಗೆಗಳ ಮೇಲೆ ಹಾರಿಕೊಂಡು ಹೋದ. ಅತ್ತೆ ಉಬ್ಬಸ ಬಂದವರ ಹಾಗೆ ಏದುಸಿರು ಬಿಡುತ್ತ ಮತ್ತೆ ಬೆಂಚಿನ ಮೇಲೆ ಕೂತರು. ಸೊಸೆಯ ಮುಖ ನೋಡದೆ, "ಕನ್ನಡಕ ಹಾಕ್ಕೊಂಡು ಓದ್ಬೇಕಿತ್ತು ನಾನು," ಎಂದರು.

ಮಾರನೆಯ ದಿನ ಅತ್ತೆಯೇ ಕಚೇರಿಯ ಮೆಟ್ಟಿಲು ಹತ್ತಿದರು. ಗುಮಾಸ್ತೆಯ ಮುಂದೆ ಕೂತು, ಹಳೆಯ ಹೇಳಿಕೆ ಸುಳ್ಳೆಂದು ತಾವೇ ಬರೆದು ಸಹಿ ಮಾಡಿದರು. ಅರ್ಜಿಗೆ ಮೊಹರು ಬೀಳುವವರೆಗೆ ಅಲ್ಲಾಡಲಿಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ದಂಡ ಬಿತ್ತು. ಅದನ್ನು ಬರೆದುತಂದ ಆಯ್ತಣ್ಣನಿಗೆ ಏನೂ ಬೀಳಲಿಲ್ಲ. ಕೆಳಮಹಡಿಗೆ ಮಾತ್ರ ಕಸುಬಿನ ದರ, ಮೇಲಕ್ಕೆ ಮನೆಯ ದರ ಎಂದು ಸರಿಪಡಿಸಲು ಸಹ ಕಚೇರಿಯವರು ಒಪ್ಪಲಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ತನಿಖೆ. ಮತ್ತೆ ಮೊದಲಿನ ನೋಟೀಸಿನ ಮೊತ್ತವೇ ಬಂದು ಕೂತಿತು, ಮೇಲೆ ದಂಡ.

ಬೀದಿಗೆ ಸುದ್ದಿ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಬಣ್ಣದಂಗಡಿಯವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಾಡಿದರು.

"ನಿಮ್ಮ ಮನೆ ತನಿಖೆ ಆಯ್ತು ಅಂದ್ರೆ ನಾಳೆ ನನ್ನ ಗೋದಾಮಿಗೂ ಬರ್ತಾರೆ. ನಮ್ಮೆಲ್ಲರ ತಲೆ ಮೇಲೆ ಕಲ್ಲು ಹಾಕಿದ್ರಲ್ಲ! ಸತ್ಯವಂತರಾಗೋ ಚಪಲ ಇದ್ರೆ ನಿಮ್ಮ ಮನೆಯೊಳಗೆ ಆಗ್ಬೇಕಿತ್ತು. ಬೀದಿಗೆ ಯಾಕೆ ತಂದ್ರಿ?"

"ಬೀದಿಗೆ ತಂದಿದ್ದು ನೀವು," ಎಂದರು ಡಾಕ್ಟರಮ್ಮ. "ನಡುವೆ ಜಾರಿಕೊಂಡವರ ಮುಖ ನೋಡೋದಿಲ್ಲ ಅಂದಿದ್ರಿ. ಕನ್ನಡಿ ನೋಡೋದು ಬಿಟ್ಟಿದ್ದೀರಾ?"

ಅಂದಿನಿಂದ ಬೀದಿಯವರು ಹಲ್ಲಿಗೆ ಬೇರೆ ಕಡೆ ಹೋಗತೊಡಗಿದರು. ಬಾಡಿಗೆಯಕ್ಕ ಎದುರಿಗೆ ಸಿಕ್ಕರೆ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದಳು. ಬೀದಿಯ ಸಂಘ ತಾನಾಗಿ ಕರಗಿತು. ಕಂದಾಯ ಇಳಿದ ಮೇಲೆ ಯಾರಿಗೂ ಖರ್ಚಿನ ಲೆಕ್ಕ ಬೇಕಾಗಿರಲಿಲ್ಲ. ಆಯ್ತಣ್ಣ ಕೊಡಿಸಿದ ರಿಯಾಯಿತಿಯಿಂದ ವಸೂಲಿ ಕುಸಿದು, ಮುಂದಿನ ವರ್ಷ ಎಲ್ಲ ದರಗಳನ್ನೂ ಇನ್ನಷ್ಟು ಏರಿಸುವ ಪ್ರಸ್ತಾಪ ಸಭೆಯ ಮುಂದಿದೆಯೆಂದು ಪತ್ರಿಕೆಯಲ್ಲಿ ಬಂತು. ಅದನ್ನೋದಿ ಡಾಕ್ಟರಮ್ಮನಿಗೆ ನಗು ಕೂಡ ಬರಲಿಲ್ಲ. ಈಗ ಅವರಿಗೆ ಅಧ್ಯಕ್ಷರ ಮೇಲೆ ಎಷ್ಟು ಹೇಸಿಗೆಯೋ ನೆರೆಹೊರೆಯವರ ಮೇಲೂ ಅಷ್ಟೇ. ಯಾವುದು ಹೆಚ್ಚೆಂದು ತೂಗಿ ನೋಡುವ ಉತ್ಸಾಹವೂ ಉಳಿದಿರಲಿಲ್ಲ.

ದಂಡ ಕಟ್ಟುವ ಕೊನೆಯ ದಿನ ಅತ್ತೆ ಸೊಸೆ ಇಬ್ಬರೂ ಕಚೇರಿಗೆ ಹೋದರು. ಸಾಲಿನಲ್ಲಿ ನಿಂತು ನಿಂತು ಕಿಂಡಿಯ ಮುಂದೆ ಬಂದಾಗ, ಒಳಗಿನವನು ದುಡ್ಡೆಣಿಸಿ ಡ್ರಾಯರಿಗೆ ಹಾಕಿಕೊಂಡು, "ರಸೀದಿ ಕಾಗದ ಮುಗಿದಿದೆ. ನಾಳೆ ಬನ್ನಿ," ಎಂದ.

"ಕಾಗದ ಬರೋವರೆಗೂ ಇಲ್ಲೇ ಕೂತಿರ್ತೀವಿ," ಎಂದರು ಡಾಕ್ಟರಮ್ಮ.

"ಸಂಜೆ ಆಗ್ಬಹುದು."

"ಆಗ್ಲಿ."

ಓಣಿಯಂಥ ವರಾಂಡದ ಬೆಂಚಿನ ಮೇಲೆ ಇಬ್ಬರೂ ಕೂತರು. ಹೊತ್ತು ಏರಿತು. ಅಷ್ಟರಲ್ಲಿ ಹಮಾಲರು ಒಂದು ದೊಡ್ಡ ಗಾಜಿನ ತೊಟ್ಟಿಯನ್ನು ಹೊತ್ತುಕೊಂಡು ಬಂದರು. ಅಧ್ಯಕ್ಷರ ಕೋಣೆಯಲ್ಲಿ ಬಣ್ಣದ ಮೀನು ಬಿಡಲಿಕ್ಕಂತೆ. ಹಿಂದೆ ಒಬ್ಬ ಅಧಿಕಾರಿ, "ಹುಷಾರು, ಹುಷಾರು, ಬೆಲೆ ಗೊತ್ತಾ ಅದರದ್ದು?" ಎಂದು ಕೂಗುತ್ತ ಬರುತ್ತಿದ್ದ. ಬೆಂಚಿನ ಹತ್ತಿರ ಬಂದು ಅತ್ತೆಗೆ ಕೈಸನ್ನೆ ಮಾಡಿದ.

"ಅಮ್ಮ, ಸ್ವಲ್ಪ ಕಾಲು ಮಡಚ್ಕೊಳ್ಳಿ. ದಾರಿ ಬಿಡಿ."

ಅತ್ತೆ ಅವನನ್ನು ನೋಡಿದರು, ತೊಟ್ಟಿಯನ್ನು ನೋಡಿದರು. ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

"ನಮ್ಮ ದುಡ್ಡಲ್ಲಿ ತಂದಿದ್ದು ತಾನೇ? ಆ ಕಡೆಯಿಂದ ಸುತ್ತಿಕೊಂಡು ಹೋಗಿ."

ಅಧಿಕಾರಿ ಡಾಕ್ಟರಮ್ಮನ ಕಡೆ ತಿರುಗಿದ. ಡಾಕ್ಟರಮ್ಮನೂ ಚಪ್ಪಲಿ ಕಳಚಿ, ಅತ್ತೆಯ ಪಕ್ಕಕ್ಕೆ ತಮ್ಮ ಕಾಲುಗಳನ್ನೂ ನೀಡಿಕೊಂಡರು.